ನಂಬರ್ ಅಳಿಸಿಹೋದ ಹಳೇ ಸಿಪಿಯು ಚಿಪ್ ಗುರುತಿಸುವುದು: ಕರೆಂಟ್ ಕೊಡುವ ಮೊದಲು, ಕೊಟ್ಟ ಮೇಲೆ

40ನೇ ಪಿನ್ನಿಗೆ ಪ್ಲಸ್ 5 ವೋಲ್ಟ್, 20ನೇ ಪಿನ್ನಿಗೆ ಗ್ರೌಂಡ್. ತುಮಕೂರಿನಲ್ಲಿ ನನ್ನ ರಿಪೇರಿ ಟೇಬಲ್ಲಿಗೆ ಬರುವ ಸತ್ತ ಚಿಪ್‌ಗಳಲ್ಲಿ ಜಾಸ್ತಿ ಪಾಲು ಈ ಒಂದು ಊಹೆಗೇ ಬಲಿಯಾದವು. ಡಿಪ್ಲೊಮಾದಲ್ಲಿ 8085 ಸಿಪಿಯು ಕಿಟ್ ಮೇಲೆ ಕೈ ಪಳಗಿಸಿಕೊಂಡವರಿಗೆ 40 ಕಾಲಿನ ಚಿಪ್ ಅಂದರೆ 8085 ಅಂತಲೇ ಕಾಣುತ್ತದೆ. ಅದೇ ಜಾಗದಲ್ಲಿ ಝಡ್-80 ಎಂಬ ಇನ್ನೊಂದು ಸಿಪಿಯು ಇದ್ದರೆ 40 ಮತ್ತು 20 ಎರಡೂ ಸಿಗ್ನಲ್ ಪಿನ್‌ಗಳು. ಇನ್ನು 8080 ಇದ್ದರೆ 20ನೇ ಪಿನ್ನೇ ಪ್ಲಸ್ 5. ಅದನ್ನು ಗ್ರೌಂಡ್ ಮಾಡಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಗುಜರಿ ಅಂಗಡಿಯಿಂದ ತಂದ ನಂಬರ್ ಇಲ್ಲದ ಚಿಪ್ ಹಿಡಿದುಕೊಂಡು ಬರುವವರೆಲ್ಲ ಮೊದಲು ಹೆಸರು ಕೇಳುತ್ತಾರೆ. ಹೆಸರು ಕೊನೆಗೆ ಸಿಗುತ್ತದೆ. ಮೊದಲು ಹುಡುಕಬೇಕಾದ್ದು ಗ್ರೌಂಡ್, ಆಮೇಲೆ ಪ್ಲಸ್, ಆಮೇಲೆ ಕ್ಲಾಕ್, ಅಂದರೆ ಚಿಪ್‌ನ ಕೆಲಸಕ್ಕೆ ತಾಳ ಹಾಕುವ ಸಿಗ್ನಲ್. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಐದನೇ ಹಂತ ಬರುವ ತನಕ ಚಿಪ್‌ಗೆ ಸಪ್ಲೈ ತೋರಿಸಲೇ ಬೇಡಿ.

## ಬೇಕಾಗುವ ಸಾಮಾನು

ಡಯೋಡ್ ಮೋಡ್ ಇರುವ ಮಲ್ಟಿಮೀಟರ್, ಭೂತಗನ್ನಡಿ, ಟಾರ್ಚ್, ಸ್ಕೂಲಿನ ಬಿಳಿ ಸೀಮೆಸುಣ್ಣ, ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿ. ಕರೆಂಟ್ ಕೊಡುವ ಹಂತಕ್ಕೆ 5 ವೋಲ್ಟ್ ಸಪ್ಲೈ, ಬ್ರೆಡ್‌ಬೋರ್ಡ್, 1 ಮೆಗಾಹರ್ಟ್ಸ್ ಆಸಿಲೇಟರ್, 1ಕೆ, 2.2ಕೆ ಮತ್ತು 4.7ಕೆ ರೆಸಿಸ್ಟರ್‌ಗಳು, 1 ಓಮ್‌ನ ಒಂದು ರೆಸಿಸ್ಟರ್, ಒಂದೆರಡು ಹೈ-ಬ್ರೈಟ್ ಎಲ್‌ಇಡಿ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿಗೆ ಒಂದು ಸಲ ಹೋಗಿಬಂದರೆ ಎಲ್ಲ ಮುಗಿಯುತ್ತದೆ. ಆಸಿಲೋಸ್ಕೋಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಚಿಪ್‌ಗಳನ್ನು ಥರ್ಮೊಕೋಲ್‌ಗೆ ಚುಚ್ಚಿ ಇಡುವ ಅಭ್ಯಾಸ ಬಿಡಿ. ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ಥರ್ಮೊಕೋಲ್‌ನಲ್ಲಿ ಸ್ಟ್ಯಾಟಿಕ್ ಚಾರ್ಜ್ ಕೂರುತ್ತದೆ. ಫೆಬ್ರವರಿ-ಮಾರ್ಚ್‌ನ ಒಣಹವೆಯಲ್ಲಂತೂ ಕೇಳುವುದೇ ಬೇಡ. ಕಪ್ಪು ಆ್ಯಂಟಿಸ್ಟ್ಯಾಟಿಕ್ ಫೋಮ್ ಬೇಕು. ಇಲ್ಲದಿದ್ದರೆ ರಟ್ಟಿನ ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಅದಕ್ಕೆ ಚುಚ್ಚಿ.

## ಹಂತ 1: ಬೋರ್ಡಿನಿಂದ ಕೀಳುವ ಮೊದಲು ನೆರೆಹೊರೆ ನೋಡಿ

ಚಿಪ್ ಇನ್ನೂ ಬೋರ್ಡಿನಲ್ಲೇ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಕೆಲವು ಕಂಪನಿಗಳು ಕಾಪಿ ಹೊಡೆಯಬಾರದು ಅಂತ ಸಿಪಿಯು ನಂಬರ್ ಉಜ್ಜಿ ತೆಗೆಯುತ್ತಿದ್ದವು. ಪಕ್ಕದ ಚಿಪ್‌ಗಳ ನಂಬರ್ ಉಜ್ಜಲು ಮರೆಯುತ್ತಿದ್ದವು.

ಪಕ್ಕದಲ್ಲಿ 8284 ಇದ್ದರೆ ಸಿಪಿಯು 8086 ಅಥವಾ 8088. 8224 ಮತ್ತು 8228 ಜೋಡಿ ಇದ್ದರೆ 8080. 8155 ಕಂಡರೆ ಹೆಚ್ಚಾಗಿ 8085. 6522 ಕಂಡರೆ ಹೆಚ್ಚಾಗಿ 6502.

ಕ್ಲಾಕ್ ಹುಟ್ಟಿಸುವ ಕ್ರಿಸ್ಟಲ್ ಮೇಲಿನ ಮೆಗಾಹರ್ಟ್ಸ್ ಅಂಕಿಯನ್ನೂ ಬರೆದುಕೊಳ್ಳಿ. 6.144 ಇದ್ದರೆ 8085 ಕಡೆಗೆ, 14.31818 ಇದ್ದರೆ ಪಿಸಿ ಕಡೆಗೆ, 18.432 ಇದ್ದರೆ 8080 ಕಡೆಗೆ, 11.0592 ಇದ್ದರೆ 8051 ಕಡೆಗೆ ವಾಲಿ. ಇದು ಬರೀ ಸುಳಿವು, ತೀರ್ಪು ಅಲ್ಲ.

ಇನ್ನೊಂದು ಉಪಾಯವಿದೆ, ಯಾಕೋ ಯಾರೂ ಮಾಡುವುದಿಲ್ಲ. ಬೋರ್ಡಿನ ಇಪ್ರಾಮ್ (ಪ್ರೋಗ್ರಾಂ ತುಂಬಿಟ್ಟ ಮೆಮೊರಿ ಚಿಪ್) ತೆಗೆದು ಪ್ರೋಗ್ರಾಮರ್ ಯಂತ್ರದಲ್ಲಿ ಓದಿಸಿ. 8086 ಕುಟುಂಬ ರಿಸೆಟ್ ಆದಾಗ ಮೆಮೊರಿಯ ತುತ್ತತುದಿಗಿಂತ 16 ಬೈಟ್ ಹಿಂದಿನಿಂದ ಶುರುವಾಗುತ್ತದೆ. ಹಾಗಾಗಿ ಇಪ್ರಾಮಿನ ಕೊನೆಯ 16 ಬೈಟ್ ಸಾಮಾನ್ಯವಾಗಿ 'ಇಎ' ಎಂಬ ಹೆಕ್ಸ್ ಬೈಟ್‌ನಿಂದ ಆರಂಭವಾಗುತ್ತದೆ. 6502ರಲ್ಲಿ ಕೊನೆಯ ಆರು ಬೈಟ್‌ಗಳು ವಿಳಾಸಗಳು. ಝಡ್-80, 8085 ಎರಡೂ ಸೊನ್ನೆಯಿಂದ ಶುರು. ಆದರೆ ಮಧ್ಯದಲ್ಲಿ 'ಇಡಿ ಬಿ0' ಜೋಡಿ ಅಲ್ಲಲ್ಲಿ ಸಿಕ್ಕರೆ ಅದು ಝಡ್-80ಯ ಬ್ಲಾಕ್ ಕಾಪಿ ಆಜ್ಞೆ, 8085ಕ್ಕೆ ಅದು ಗೊತ್ತಿಲ್ಲ.

ಎಲ್ಲದರ ಫೋಟೊ ತೆಗೆದ ಮೇಲೆಯೇ ಚಿಪ್ ಕೀಳಿ. ಸ್ಕ್ರೂಡ್ರೈವರ್ ಒಂದೇ ಕಡೆ ತೂರಿಸಿ ಎತ್ತಬೇಡಿ. ಎರಡೂ ತುದಿಯಿಂದ ಸ್ವಲ್ಪ ಸ್ವಲ್ಪ ಎತ್ತಿ.

## ಹಂತ 2: ಅಳಿಸಿದ ಅಕ್ಷರವನ್ನು ಎಬ್ಬಿಸಿ

ಮೊದಲು ಏನನ್ನೂ ಹಚ್ಚಬೇಡಿ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಚಿಪ್‌ನ ಮೈಗೆ ಹೆಚ್ಚುಕಡಿಮೆ ಮಲಗಿಸಿ ಹಿಡಿದು, ಚಿಪ್ಪನ್ನು ನಿಧಾನವಾಗಿ ತಿರುಗಿಸಿ. ಲೇಸರ್‌ನಲ್ಲಿ ಕೊರೆದ ಅಕ್ಷರ ಇದ್ದರೆ ನೆರಳಾಗಿ ಏಳುತ್ತದೆ. ಕಾಣದಿದ್ದರೆ ಬಾಯಿಂದ ಹಬೆ ಊದಿ ನೋಡಿ. ಇಂಕ್ ಹೋದ ಜಾಗದಲ್ಲಿ ಹಬೆ ಬೇರೆ ಥರ ಕೂರುತ್ತದೆ, ಎರಡು ಮೂರು ಸೆಕೆಂಡ್ ಅಕ್ಷರ ಕಾಣಬಹುದು. ಫೋನಿನ ವಿಡಿಯೊ ಆನ್ ಮಾಡಿಟ್ಟುಕೊಂಡು ಊದಿ. ಆಮೇಲೆ ಸೀಮೆಸುಣ್ಣದ ಪುಡಿ ಸವರಿ, ಬೆರಳಿನಿಂದ ಮೆಲ್ಲಗೆ ಒರೆಸಿ.

ತಳಭಾಗ ನೋಡಲು ಮರೆಯಬೇಡಿ. ಮೇಲಿನ ನಂಬರ್ ಉಜ್ಜಿದವರು ಕೆಳಗಿನದನ್ನು ಬಿಟ್ಟಿರುತ್ತಾರೆ. ನಾಲ್ಕು ಅಂಕಿಯ ಡೇಟ್ ಕೋಡ್ ಸಿಕ್ಕರೆ ಅದು ವರ್ಷ ಮತ್ತು ವಾರ. 8437 ಅಂದರೆ 1984ರ 37ನೇ ವಾರ. ಅದನ್ನು ಚಿಪ್ ನಂಬರ್ ಅಂದುಕೊಂಡು ಡೇಟಾಶೀಟ್ ಹುಡುಕಿ ಸುಸ್ತಾದವರು ಬಹಳ ಜನ. ಕಾಪಿರೈಟ್ ಚಿಹ್ನೆಯ ಪಕ್ಕದ ವರ್ಷ ಡಿಸೈನ್‌ನದ್ದು, ತಯಾರಿಕೆಯದ್ದಲ್ಲ.

ಎಚ್ಚರಿಕೆಯ ಸೂಚನೆ ಒಂದಿದೆ. ಮೇಲ್ಮೈ ತಳಕ್ಕಿಂತ ತೀರಾ ನುಣುಪಾಗಿ ಅಥವಾ ತೀರಾ ಕರ್ರಗೆ ಇದ್ದು, ಒಂದನೇ ಪಿನ್ ಗುರುತಿನ ಗುಳಿ ಅರ್ಧ ತುಂಬಿಹೋಗಿದ್ದರೆ ಯಾರೋ ಉಜ್ಜಿ ಬಣ್ಣ ಬಳಿದಿದ್ದಾರೆ. ಮೂಲೆಯಲ್ಲಿ ಒಂದು ಚುಕ್ಕೆ ಅಸಿಟೋನ್, ಅಂದರೆ ನೇಲ್ ಪಾಲಿಶ್ ರಿಮೂವರ್, ಹತ್ತಿಯಲ್ಲಿ ತಾಗಿಸಿ. ಕಪ್ಪು ಬಣ್ಣ ಬಿಟ್ಟುಕೊಂಡರೆ ಮೇಲೆ ಹೊಸದಾಗಿ ಬರೆದ ನಂಬರ್ ಇದ್ದರೂ ನಂಬಬೇಡಿ. ಆದರೆ ಇಂಕಿನ ಅಕ್ಷರ ಇನ್ನೂ ಮಸುಕಾಗಿ ಉಳಿದಿರುವ ಚಿಪ್‌ಗೆ ಅಸಿಟೋನ್ ಹಚ್ಚಲೇ ಬೇಡಿ, ಇದ್ದದ್ದೂ ಹೋಗುತ್ತದೆ.

ಸೆರಾಮಿಕ್ ಚಿಪ್ಪನ್ನು ಅರ ಹಾಕಿ ಉಜ್ಜುವುದು, ಒಡೆಯುವುದು, ಆ್ಯಸಿಡ್‌ನಲ್ಲಿ ಹಾಕಿ ಒಳಗಿನ ಸಿಲಿಕಾನ್ ನೋಡುವುದು ಮನೆಯಲ್ಲಿ ಮಾಡುವ ಕೆಲಸಗಳಲ್ಲ. ಆ ಪುಡಿ, ಆ ಹೊಗೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

## ಹಂತ 3: ಪಿನ್ ಎಣಿಸಿ, ಸರಿಯಾಗಿ ಎಣಿಸಿ

ನೋಡಲು ಸುಲಭ, ತಪ್ಪುವುದು ಇಲ್ಲೇ ಜಾಸ್ತಿ. ಚಿಪ್ಪನ್ನು ಮೇಲಿನಿಂದ ನೋಡುತ್ತ, ಅರ್ಧಚಂದ್ರದ ಕಚ್ಚು ಮೇಲಕ್ಕೆ ಬರುವಂತೆ ಹಿಡಿದರೆ ಎಡಗಡೆಯ ಮೊದಲನೆಯದು 1. ಅಲ್ಲಿಂದ ಕೆಳಗೆ ಇಳಿದು, ಬಲಗಡೆ ಕೆಳಗಿನಿಂದ ಮೇಲೆ ಹತ್ತಿ. ಕಾಲು ಮೇಲೆ ಮಾಡಿ ಹಿಡಿದಿದ್ದರೆ ಎಲ್ಲ ಕನ್ನಡಿಯಂತೆ ತಿರುಗುತ್ತದೆ. ಅಂಗಾತ ಮಲಗಿಸಿ ಎಣಿಸಿ ಕೈ ಸುಟ್ಟುಕೊಂಡವರಲ್ಲಿ ನಾನೂ ಒಬ್ಬ. ಪ್ಲಾಸ್ಟಿಕ್ ಅಚ್ಚಿನ ದುಂಡು ಗುರುತು ಎರಡೂ ತುದಿಯಲ್ಲಿ ಇರಬಹುದು. ಅದು ಪಿನ್ ಗುರುತಲ್ಲ, ಕಚ್ಚನ್ನೇ ನಂಬಿ. 1, 10, 20, 21, 30, 40 ಇವುಗಳ ಪಕ್ಕ ಪೇಪರ್ ಟೇಪ್ ಅಂಟಿಸಿ ಬರೆದುಬಿಡಿ.

ಉದ್ದನೆಯ, ಎರಡು ಸಾಲಿನ ಚಿಪ್‌ಗಳಲ್ಲಿ 16 ಕಾಲು ಇದ್ದರೆ 4004 ಇರಬಹುದು, 18 ಇದ್ದರೆ 8008. ಗುಜರಿಯಲ್ಲಿ ಅವು ಸಿಗುವ ಕನಸು ಕಾಣಬೇಡಿ, 16 ಕಾಲಿನ ಮಾಮೂಲಿ ಚಿಪ್‌ಗಳು ಮೂಟೆಗಟ್ಟಲೆ ಇವೆ. 64 ಕಾಲಿನ ದೊಡ್ಡ ಚಿಪ್ ಆದರೆ 68000 ಇರುವ ಸಾಧ್ಯತೆ ಹೆಚ್ಚು. ನಿಜವಾದ ತಲೆನೋವು 40 ಕಾಲಿನವು. 8080, 8085, 8086, 8088, ಝಡ್-80, 6502, 6800, 6809 ಎಲ್ಲವೂ 40. ಸಿಪಿಯು ಅಲ್ಲದ 8255, 8279, 8087 ಕೂಡ 40. ಚೌಕಾಕಾರದವುಗಳ ಬಗ್ಗೆ ಏಳನೇ ಹಂತದಲ್ಲಿ ಹೇಳುತ್ತೇನೆ.

## ಹಂತ 4: ಕರೆಂಟ್ ಇಲ್ಲದೆ ಗ್ರೌಂಡ್ ಹುಡುಕಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಅರ್ಧ ಗಂಟೆ ಹಿಡಿಯಲಿ, ಅವಸರ ಬೇಡ. ಮೊದಲು ಕಾಲುಗಳನ್ನು ಆಲ್ಕೋಹಾಲ್‌ನಲ್ಲಿ ಒರೆಸಿ. ಕಪ್ಪಗಾದ ಕಾಲಿನ ಮೇಲೆ ಪ್ರೋಬ್ ಸರಿಯಾಗಿ ತಾಗುವುದಿಲ್ಲ. ಸ್ಯಾಂಡ್‌ಪೇಪರ್ ಬೇಡ, ಪೆನ್ಸಿಲ್ ರಬ್ಬರ್ ಸಾಕು.

ಮೊದಲು ಬೀಪ್. ಮೀಟರನ್ನು ಕಂಟಿನ್ಯೂಟಿಗೆ ಹಾಕಿ 1 ಮತ್ತು 20 ಮುಟ್ಟಿ. ಬೀಪ್ ಬಂದರೆ 8086, 8088 ಅಥವಾ ಅವುಗಳ ಗಣಿತ ಜೊತೆಗಾರ 8087. ಮೂರರಲ್ಲೂ ಗ್ರೌಂಡ್ 1 ಮತ್ತು 20, ಪ್ಲಸ್ 40. ಬರದಿದ್ದರೆ 1 ಮತ್ತು 21 ಮುಟ್ಟಿ. ಬೀಪ್ ಬಂದರೆ 6502 ಅಥವಾ 6800. ಎರಡರಲ್ಲೂ ಪ್ಲಸ್ 8ನೇ ಪಿನ್.

ಆಮೇಲೆ ಡಯೋಡ್ ಮೋಡ್. ಬೀಪ್ ಎಲ್ಲೂ ಬರದಿದ್ದರೆ ಕೆಂಪು ಪ್ರೋಬನ್ನು ಒಂದು ಪಿನ್ ಮೇಲೆ ಒತ್ತಿಹಿಡಿದು, ಕಪ್ಪನ್ನು ಉಳಿದ ಪಿನ್‌ಗಳ ಮೇಲೆ ಒಂದೊಂದಾಗಿ ಇಡುತ್ತ ಹೋಗಿ. ಹೆಚ್ಚುಕಡಿಮೆ ಎಲ್ಲ ಪಿನ್‌ನಲ್ಲೂ 0.5ರಿಂದ 0.8ರ ಆಸುಪಾಸಿನ ರೀಡಿಂಗ್ ಬಂದರೆ ಕೆಂಪು ಪ್ರೋಬ್ ಕೆಳಗಿರುವುದೇ ಗ್ರೌಂಡ್. ಚಿಪ್‌ನ ಸಿಲಿಕಾನ್ ತಳದಿಂದ ಪ್ರತಿ ಪಿನ್ನಿಗೂ ಒಂದು ಡಯೋಡ್ ತಾನಾಗಿಯೇ ಇರುತ್ತದೆ, ಮೀಟರ್ ಅದನ್ನೇ ತೋರಿಸುತ್ತದೆ. ಎಲ್ಲ ನಲವತ್ತನ್ನೂ ಹೀಗೆ ಪರೀಕ್ಷಿಸಬೇಕಿಲ್ಲ. ಕೆಂಪು ಪ್ರೋಬ್‌ಗೆ 29, 20, 11, 7, 1, 21 ಈ ಆರು ಪಿನ್ ಸಾಕು.

29 ಗ್ರೌಂಡ್ ಆಗಿ ಬಂದರೆ ಝಡ್-80. ಪ್ಲಸ್ 11ರಲ್ಲಿ.

20 ಬಂದರೆ 8085 ಇರಬಹುದು, 8051 ಕುಟುಂಬ ಇರಬಹುದು, ಕೀಬೋರ್ಡ್ ಚಿಪ್ 8279 ಕೂಡ ಇರಬಹುದು. ಪ್ಲಸ್ 40. ಯಾವುದು ಅಂತ ಆರನೇ ಹಂತದಲ್ಲಿ ತಿಳಿಯುತ್ತದೆ.

7 ಬಂದರೆ 8255, ಸಿಪಿಯು ಅಲ್ಲ. 1 ಮಾತ್ರ ಬಂದು 7ರಲ್ಲಿ ಪ್ಲಸ್ ಇದ್ದರೆ 6809.

21 ಬಂದು, 1ರ ಜೊತೆ ಬೀಪ್ ಇಲ್ಲದಿದ್ದರೆ ಡಬ್ಲ್ಯುಡಿಸಿ ಕಂಪನಿಯ 65ಸಿ02 ಇರಬಹುದು, ಅದು 6502ರ ಸಿಮಾಸ್ (ಕಡಿಮೆ ಕರೆಂಟ್ ಎಳೆಯುವ ಬಗೆಯ) ಆವೃತ್ತಿ. ಅದರಲ್ಲಿ 1ನೇ ಪಿನ್ ಔಟ್‌ಪುಟ್. ಹಳೇ 6502 ಅಂದುಕೊಂಡು ಗ್ರೌಂಡ್ ಮಾಡಿದರೆ ಆ ಔಟ್‌ಪುಟ್ ಶಾರ್ಟ್.

11 ಬಂದರೆ ಕೈ ಹಿಂದಕ್ಕೆ ತೆಗೆಯಿರಿ. ಅದು 8080 ಇರುವ ಸಾಧ್ಯತೆ ಹೆಚ್ಚು. 8080ಯ ಸಿಲಿಕಾನ್ ತಳ ಸೇರಿರುವುದು ಗ್ರೌಂಡ್‌ಗೆ ಅಲ್ಲ, ಮೈನಸ್ 5 ವೋಲ್ಟ್‌ನ 11ನೇ ಪಿನ್ನಿಗೆ. ನಿಜವಾದ ಗ್ರೌಂಡ್ 2ರಲ್ಲಿ, ಪ್ಲಸ್ 5 ಇರುವುದು 20ರಲ್ಲಿ, ಪ್ಲಸ್ 12 ಇರುವುದು 28ರಲ್ಲಿ. ಮೈನಸ್ 5 ಇಲ್ಲದೆ ಪ್ಲಸ್ 12 ಕೊಟ್ಟರೆ ಚಿಪ್ ಹಾಳಾಗುತ್ತದೆ. ಇದನ್ನು ಬ್ರೆಡ್‌ಬೋರ್ಡ್‌ನಲ್ಲಿ ಪರೀಕ್ಷಿಸಲು ಹೋಗಬೇಡಿ, ಹೆಸರು ಬರೆದು ಪಕ್ಕಕ್ಕಿಡಿ.

ಝಡ್-80ಯ ಪ್ಲಸ್ ಇರುವ ಜಾಗದಲ್ಲೇ 8080ಯ ಮೈನಸ್ ಇರುವುದರಿಂದ ಈ ಎರಡನ್ನು ಅದಲುಬದಲು ಮಾಡಿದರೆ ಎರಡನೇ ಅವಕಾಶ ಇಲ್ಲ. ಅದಕ್ಕೇ ಅನುಮಾನ ಬಂದರೆ 11 ಮತ್ತು 29 ಎರಡನ್ನೂ ಮತ್ತೊಮ್ಮೆ ಅಳೆಯಿರಿ.

ಒಂದು ಮಾತು. 8086 ಕುಟುಂಬದ ಒಳಗೆ ತಳಕ್ಕೆ ನೆಗೆಟಿವ್ ವೋಲ್ಟೇಜ್ ತಾನೇ ಮಾಡಿಕೊಳ್ಳುವ ಸರ್ಕ್ಯೂಟ್ ಇದೆ. ಹಾಗಾಗಿ ಡಯೋಡ್ ಮೋಡ್‌ನಲ್ಲಿ ಅದು ಮೇಲಿನ ಹಾಗೆ ಅಚ್ಚುಕಟ್ಟಾಗಿ ತೋರಿಸದೇ ಇರಬಹುದು. ಅದಕ್ಕೇ ಬೀಪ್ ಪರೀಕ್ಷೆ ಮೊದಲು ಅಂದದ್ದು.

ಚಿಪ್ ಎನ್‌ಮಾಸ್ (ಹೆಚ್ಚು ಕರೆಂಟ್ ಎಳೆಯುವ ಹಳೇ ಬಗೆ) ಅಥವಾ ಸಿಮಾಸ್ ಅಂತಲೂ ಇಲ್ಲೇ ನೋಡಿಬಿಡಿ. ಕಪ್ಪು ಪ್ರೋಬ್ ಪ್ಲಸ್ ಪಿನ್ ಮೇಲೆ, ಕೆಂಪು ಸಿಗ್ನಲ್ ಪಿನ್‌ಗಳ ಮೇಲೆ. ಬಹುತೇಕ ಎಲ್ಲದರಲ್ಲೂ 0.6ರ ಆಸುಪಾಸು ರೀಡಿಂಗ್ ಬಂದರೆ ಸಿಮಾಸ್. ಏನೂ ಬರದಿದ್ದರೆ ಹಳೇ ಎನ್‌ಮಾಸ್.

## ಹಂತ 5: ಮೊದಲ ಸಲ ಕರೆಂಟ್

ಸಪ್ಲೈ ಮತ್ತು ಪ್ಲಸ್ ಪಿನ್ ನಡುವೆ 1 ಓಮ್ ರೆಸಿಸ್ಟರ್ ಹಾಕಿ, ಅದರ ಎರಡೂ ತುದಿಗೆ ಮೀಟರ್ ಇಡಿ. ಎಷ್ಟು ಮಿಲಿವೋಲ್ಟ್ ಬಂತೋ ಅಷ್ಟೇ ಮಿಲಿಆಂಪ್. ಲೆಕ್ಕ ಹಾಕುವ ತಾಪತ್ರಯವೇ ಇಲ್ಲ.

ಎನ್‌ಮಾಸ್ 8085 ಹೆಚ್ಚೆಂದರೆ 170, ಝಡ್-80 ಹೆಚ್ಚೆಂದರೆ 200, 8086 ಮತ್ತು 8088 ಹೆಚ್ಚೆಂದರೆ 340 ಮಿಲಿಆಂಪ್ ಎಳೆಯುತ್ತವೆ. ಸಿಮಾಸ್ ಆವೃತ್ತಿಗಳು ಇದರ ಸಣ್ಣ ಪಾಲು. ಮೀಟರ್ 500 ದಾಟಿತು ಅಂದರೆ ತಕ್ಷಣ ಆಫ್ ಮಾಡಿ. ಒಂದೋ ಪಿನ್ ಎಣಿಕೆ ತಪ್ಪಿದೆ, ಇಲ್ಲವೇ ಚಿಪ್ ಮೊದಲೇ ಸತ್ತಿದೆ. ಸೊನ್ನೆ ತೋರಿಸಿದರೂ ಅನುಮಾನ ಪಡಿ. ಎನ್‌ಮಾಸ್ ಚಿಪ್ ಬದುಕಿದ್ದರೆ ಬೆಚ್ಚಗಾಗುತ್ತದೆ, ಅದು ಸಹಜ. ಆದರೆ ಹತ್ತು ಸೆಕೆಂಡಿನಲ್ಲೇ ಬೆರಳು ಇಡಲಾಗದಷ್ಟು ಬಿಸಿಯಾದರೆ ಸಹಜವಲ್ಲ.

## ಹಂತ 6: ಸುಮ್ನೆ ಓಡಿಸಿ ನೋಡಿ

ಸಿಪಿಯು ಹೌದೋ ಅಲ್ಲವೋ ಅಂತ ತಿಳಿಯಲು ರ್‍ಯಾಮ್, ರಾಮ್ ಏನೂ ಬೇಡ. ಡೇಟಾ ಪಿನ್‌ಗಳಲ್ಲಿ 'ಏನೂ ಮಾಡಬೇಡ' ಎಂಬ ಆಜ್ಞೆಯನ್ನು ರೆಸಿಸ್ಟರ್‌ಗಳಿಂದ ಶಾಶ್ವತವಾಗಿ ಕಟ್ಟಿಬಿಡಿ. ಸಿಪಿಯು ಅದನ್ನೇ ಓದುತ್ತ ಸೊನ್ನೆಯಿಂದ 65,535ರ ತನಕ ವಿಳಾಸ ಎಣಿಸುತ್ತ ಸುತ್ತುತ್ತದೆ. ಕೊನೆಯ ವಿಳಾಸದ ಗೆರೆಗೆ ಎಲ್‌ಇಡಿ ಹಾಕಿದರೆ ಮಿಣುಕು ಕಣ್ಣಿಗೆ ಕಾಣುತ್ತದೆ.

ಎಲ್‌ಇಡಿಯನ್ನು ಪಿನ್‌ನಿಂದ ಗ್ರೌಂಡ್‌ಗೆ ಹಾಕಬೇಡಿ. ಹಳೇ ಚಿಪ್‌ಗಳಿಗೆ ಮೇಲಕ್ಕೆ ತಳ್ಳುವ ಶಕ್ತಿ ಬಹಳ ಕಡಿಮೆ, ಕೆಳಕ್ಕೆ ಎಳೆಯುವ ಶಕ್ತಿ ಪರವಾಗಿಲ್ಲ. ಪ್ಲಸ್ 5ರಿಂದ 2.2ಕೆ ಮೂಲಕ ಎಲ್‌ಇಡಿ, ಅಲ್ಲಿಂದ ಪಿನ್.

ಝಡ್-80: ಡೇಟಾ ಪಿನ್‌ಗಳು 7, 8, 9, 10, 12, 13, 14, 15. ಪ್ರತಿಯೊಂದನ್ನೂ 1ಕೆ ಮೂಲಕ ಗ್ರೌಂಡ್‌ಗೆ ಕಟ್ಟಿ. 16, 17, 24, 25, 26 ಇವನ್ನು 4.7ಕೆ ಮೂಲಕ ಪ್ಲಸ್‌ಗೆ ಕಟ್ಟಿ. 26 ರಿಸೆಟ್, ಅದರಿಂದ ಗ್ರೌಂಡ್‌ಗೆ ಒಂದು ಪುಶ್ ಬಟನ್. ಕ್ಲಾಕ್ 6ಕ್ಕೆ, ಜೊತೆಗೆ 330 ಓಮ್‌ನಿಂದ ಪ್ಲಸ್‌ಗೆ ಎಳೆಯಿರಿ, ಇದರ ಕ್ಲಾಕ್ ಪಿನ್ನಿಗೆ ಪೂರ್ತಿ 5 ವೋಲ್ಟ್ ಬೇಕು. ಎಲ್‌ಇಡಿ 5ನೇ ಪಿನ್ನಿಗೆ. 1 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ ಸುಮಾರು 4 ಸಲ ಮಿಣುಕಬೇಕು. ಪೂರ್ತಿ ಆರುವುದಿಲ್ಲ, ಮಂದವಾಗಿ ಮತ್ತೆ ಜೋರಾಗುತ್ತದೆ. ಮಧ್ಯೆ ಮಧ್ಯೆ ಮೆಮೊರಿ ರಿಫ್ರೆಶ್ ವಿಳಾಸ ನುಗ್ಗುವುದರಿಂದ ಹಾಗೆ. ಈ ಮಂದ-ಜೋರು ಆಟವೇ ಝಡ್-80ಯ ಸಹಿ.

6502: ಇದರ 'ಏನೂ ಮಾಡಬೇಡ' ಸೊನ್ನೆಯಲ್ಲ, 'ಇಎ'. 26, 27, 28, 30, 32 ಪ್ಲಸ್‌ಗೆ, 29, 31, 33 ಗ್ರೌಂಡ್‌ಗೆ, ಎಲ್ಲವೂ 1ಕೆ ಮೂಲಕ. 2, 4, 6, 38, 40 ಇವನ್ನು 4.7ಕೆಯಿಂದ ಪ್ಲಸ್‌ಗೆ. 40 ರಿಸೆಟ್. ಕ್ಲಾಕ್ 37, ಎಲ್‌ಇಡಿ 25. ಸೆಕೆಂಡಿಗೆ ಏಳೆಂಟು ಸಲ ಮಿಣುಕುತ್ತದೆ, ಯಾಕೆಂದರೆ ಇದು ಆ ಆಜ್ಞೆಗೆ ಎರಡೇ ಕ್ಲಾಕ್ ತೆಗೆದುಕೊಳ್ಳುತ್ತದೆ, ಝಡ್-80 ನಾಲ್ಕು. 37ಕ್ಕೆ ಕೊಟ್ಟ ಕ್ಲಾಕ್ 3 ಮತ್ತು 39ರಲ್ಲಿ ಹೊರಗೆ ಬಂದರೆ 6502 ಖಚಿತ. ಬರದಿದ್ದರೆ 6800 ಇರಬಹುದು, ಅದರಲ್ಲಿ 3 ಮತ್ತು 39 ಎರಡೂ ಇನ್‌ಪುಟ್.

8085: 1 ಮತ್ತು 2ರ ನಡುವೆ 6.144 ಕ್ರಿಸ್ಟಲ್ ಹಾಕಿ ಕರೆಂಟ್ ಕೊಡಿ. 37ರಲ್ಲಿ ಅದರ ಅರ್ಧ, 3.072 ಮೆಗಾಹರ್ಟ್ಸ್ ಹೊರಬಂದರೆ ಅದು 8085. ಫ್ರೀಕ್ವೆನ್ಸಿ ಅಳೆಯುವ ಮೀಟರ್ ಸಾಕು. ಓಡಿಸಿಯೂ ನೋಡಬೇಕಾದರೆ 12ರಿಂದ 19ರ ತನಕ 4.7ಕೆಯಿಂದ ಗ್ರೌಂಡ್‌ಗೆ, 6ರಿಂದ 10 ಮತ್ತು 39 ಗ್ರೌಂಡ್‌ಗೆ, 35 ಪ್ಲಸ್‌ಗೆ, ರಿಸೆಟ್ 36, ಎಲ್‌ಇಡಿ 28. ಬಹಳ ಜನ 6ರಿಂದ 10ರ ಇಂಟರಪ್ಟ್ ಪಿನ್‌ಗಳನ್ನು (ಸಿಪಿಯು ಕೆಲಸ ತಡೆದು ಬೇರೆಡೆ ಕರೆಯುವ ಪಿನ್‌ಗಳು) ಎಲ್ಲಿಗೂ ಕಟ್ಟದೆ ತೇಲಲು ಬಿಡುತ್ತಾರೆ. 6ನೇ ಪಿನ್‌ನ ಟ್ರ್ಯಾಪ್ ಅನ್ನು ಯಾವ ಆಜ್ಞೆಯಿಂದಲೂ ತಡೆಯಲು ಆಗುವುದಿಲ್ಲ. ಅದು ತೇಲಿದರೆ ಎಣಿಕೆ ಪದೇ ಪದೇ ಹಾದಿ ತಪ್ಪಿ, ಒಳ್ಳೇ ಚಿಪ್ ಕೆಟ್ಟಿದೆ ಅನ್ನಿಸುತ್ತದೆ. 37ರಲ್ಲಿ ಏನೂ ಬರದಿದ್ದರೆ ಕ್ರಿಸ್ಟಲ್ ತೆಗೆದು 18 ಮತ್ತು 19ಕ್ಕೆ ಹಾಕಿ. 30ರಲ್ಲಿ ಆರರಲ್ಲಿ ಒಂದು ಪಾಲು ಬಂದರೆ 8051 ಕುಟುಂಬ.

8086, 8088: ಇವುಗಳನ್ನು 2 ಮೆಗಾಹರ್ಟ್ಸ್‌ಗಿಂತ ನಿಧಾನ ಓಡಿಸಬಾರದು, ಒಳಗಿನ ನೆನಪು ಸೋರಿಹೋಗುತ್ತದೆ. ಹಾಗಾಗಿ 1 ಮೆಗಾಹರ್ಟ್ಸ್ ಆಸಿಲೇಟರ್ ಹಾಕಿ 'ಸತ್ತಿದೆ' ಅಂತ ಬಿಸಾಡಬೇಡಿ. 8284 ಇರುವ ಹಳೇ ಬೋರ್ಡೇ ಇದಕ್ಕೆ ಸರಿ. ಬ್ರೆಡ್‌ಬೋರ್ಡ್‌ನಲ್ಲೇ ಮಾಡುವ ಛಲ ಇದ್ದರೆ 33ನೇ ಪಿನ್ನನ್ನು ಪ್ಲಸ್‌ಗೆ ಕಟ್ಟಿ ಮಿನಿಮಮ್ ಮೋಡ್‌ನಲ್ಲಿ ಓಡಿಸಿ 28 ನೋಡಿ. ಮೆಮೊರಿ ಓದುವಾಗ 28 ಕೆಳಗಿದ್ದರೆ 8088, ಮೇಲಿದ್ದರೆ 8086. ಎನ್‌ಇಸಿಯ ವಿ20, ವಿ30 ಕೂಡ ಇದೇ ಪಿನ್‌ಗಳಲ್ಲಿ ಕೂರುತ್ತವೆ. ಅವನ್ನು ಬೇರ್ಪಡಿಸಲು ಸಾಫ್ಟ್‌ವೇರ್ ಪರೀಕ್ಷೆಯೇ ಬೇಕು.

## ಹಂತ 7: ಚೌಕ ಚಿಪ್‌ಗಳು

ಇಲ್ಲಿ ಮೀಟರ್‌ಗಿಂತ ಎಣಿಕೆ ಮುಖ್ಯ. ಒಂದು ಬದಿಯಲ್ಲಿ ಎಷ್ಟು ಪಿನ್, ಎಷ್ಟು ಸುತ್ತು ಅಂತ ನೋಡಿ. ಬದಿಗೆ 14, ಮೂರು ಸುತ್ತು ಇದ್ದರೆ 132, ಅದು 386ಡಿಎಕ್ಸ್. ಬದಿಗೆ 17, ಮೂರು ಸುತ್ತು ಇದ್ದರೆ 168, ಅದು 486. ಒಂದು ಹೆಚ್ಚಿಗೆ, 169 ಬಂದರೆ 487ಎಸ್‌ಎಕ್ಸ್ ಅಥವಾ ಓವರ್‌ಡ್ರೈವ್. 273 ಆದರೆ ಮೊದಲ ಪೆಂಟಿಯಂ, 60 ಅಥವಾ 66 ಮೆಗಾಹರ್ಟ್ಸ್. 296 ಆದರೆ ಅದರ ನಂತರದ ಪೆಂಟಿಯಂ. ಉದ್ದನೆಯ ಆಯತ, 387 ಪಿನ್ ಆದರೆ ಪೆಂಟಿಯಂ ಪ್ರೊ.

68 ಪಿನ್ ಬಂದರೆ ಹುಷಾರು. 286 ಕೂಡ 68, ಗಣಿತ ಚಿಪ್ 387 ಕೂಡ 68. ಪಿನ್ ಇರುವ ರೂಪದಲ್ಲೂ, ಪ್ಲಾಸ್ಟಿಕ್ ರೂಪದಲ್ಲೂ ಈ ಗೊಂದಲ ಇದೆ. 286 ಸಾಕೆಟ್ಟಿನಲ್ಲಿ ಕೂತಿತು ಅಂದಮಾತ್ರಕ್ಕೆ 286 ಆಗುವುದಿಲ್ಲ.

486ರಲ್ಲಿ ಇನ್ನೊಂದು ಅಪಾಯ. ಮಾಮೂಲಿ 486ಗೆ 5 ವೋಲ್ಟ್, ಡಿಎಕ್ಸ್4ಗೆ 3.3 ವೋಲ್ಟ್. ಪಿನ್ ಎಣಿಸಿ ಇದು ತಿಳಿಯುವುದಿಲ್ಲ. ಆದ್ದರಿಂದ ಜಂಪರ್‌ನಲ್ಲಿ 3.3 ಆಯ್ಕೆ ಇರುವ ಮದರ್‌ಬೋರ್ಡಿನಲ್ಲೇ ಮೊದಲು ಹಾಕಿ. 5 ವೋಲ್ಟಿನ ಚಿಪ್ಪು 3.3ರಲ್ಲಿ ಓಡದೇ ಇರಬಹುದು, ಆದರೆ ಸುಡುವುದಿಲ್ಲ. ಬೂಟ್ ಆದರೆ ಬಯಾಸ್ ಪರದೆಯ ಹೆಸರನ್ನು ಪೂರ್ತಿ ನಂಬಬೇಡಿ, ಹಳೇ ಬಯಾಸ್‌ಗಳು ತಮಗೆ ಗೊತ್ತಿಲ್ಲದ್ದಕ್ಕೆಲ್ಲ ಗೊತ್ತಿರುವ ಹೆಸರೇ ಇಡುತ್ತವೆ. ಡಾಸ್‌ನಲ್ಲಿ ಸಿಪಿಯುಐಡಿ ಓದುವ ಪ್ರೋಗ್ರಾಂ ಓಡಿಸಿ. ಕೊನೆಕೊನೆಯ 486ಗಳು ಮತ್ತು ಪೆಂಟಿಯಂನಿಂದ ಈಚೆಗಿನವು ತಮ್ಮ ತಯಾರಕರ ಹೆಸರು ತಾವೇ ಹೇಳುತ್ತವೆ. ಫ್ಯಾಮಿಲಿ 4 ಬಂದರೆ 486, 5 ಬಂದರೆ ಪೆಂಟಿಯಂ ಪೀಳಿಗೆ, 6 ಬಂದರೆ ಪೆಂಟಿಯಂ ಪ್ರೊ ಮತ್ತು ಅದರ ವಂಶ.

ಚಿನ್ನದ ಬಣ್ಣದ ಮುಚ್ಚಳದ ಸೆರಾಮಿಕ್ ಚಿಪ್‌ಗಳನ್ನು ಕೆಜಿ ಲೆಕ್ಕದಲ್ಲಿ ಕೊಳ್ಳುವವರು ಇದ್ದಾರೆ. ಕೋಲಾರದ ಗಣಿ ಮುಚ್ಚಿದರೂ ಚಿನ್ನ ಸೋಸುವ ಆಸೆ ಮುಚ್ಚಿಲ್ಲ. ಗುರುತು ಹಿಡಿಯುವ ತನಕ ಅವರಿಗೆ ಕೊಡಬೇಡಿ.

## ಹಂತ 8: ಬರೆದಿಡಿ

ಚಿಪ್ ಮೈಮೇಲೆ ಮಾರ್ಕರ್‌ನಲ್ಲಿ ಬರೆಯಬೇಡಿ, ಮುಂದಿನವರಿಗೆ ಅದೇ ಮೂಲ ನಂಬರ್ ಅನ್ನಿಸುತ್ತದೆ. ಸಣ್ಣ ಚೀಟಿಯಲ್ಲಿ ಮೂರು ಸಾಲು ಸಾಕು: ಅಳೆದದ್ದು, ಓಡಿಸಿ ಕಂಡದ್ದು, ಊಹೆ. 'ಗ್ರೌಂಡ್ 29, ಪ್ಲಸ್ 11, 130 ಮಿ.ಆಂ. / 5ರಲ್ಲಿ ಮಂದ-ಜೋರು, ಸೆಕೆಂಡಿಗೆ 4 / ಝಡ್-80 ಎನ್‌ಮಾಸ್, ವೇಗ ಗೊತ್ತಿಲ್ಲ' ಹೀಗೆ. ಎರಡೂವರೆ, ನಾಲ್ಕು, ಆರು ಮೆಗಾಹರ್ಟ್ಸ್ ಚಿಪ್‌ಗಳು ಹೊರಗಿನಿಂದ ಒಂದೇ ಥರ. ನಾಲ್ಕರಲ್ಲಿ ಓಡಿತು ಅಂತ 'ನಾಲ್ಕರದ್ದು' ಅಂತ ಬರೆಯಬೇಡಿ, 'ನಾಲ್ಕರಲ್ಲಿ ಓಡಿತು' ಅಂತ ಬರೆಯಿರಿ. ಚೀಟಿಯನ್ನು ಫಾಯಿಲ್ ಸುತ್ತಿದ ರಟ್ಟಿಗೇ ಪಿನ್ ಹೊಡೆದು ಇಡಿ, ಡಬ್ಬಿಯ ಮುಚ್ಚಳಕ್ಕೆ ಬೇಡ. ಮುಚ್ಚಳಗಳು ಅದಲುಬದಲಾಗುತ್ತವೆ.